ವಿಳಿಂಜಂನ ಅಚ್ಚು ಕಲಿತ ಕನ್ನಡ

ನಾನೀಗ ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನನ್ನ ಕ್ಲಾಸಿನಲ್ಲೂ ಯಾರೂ ನಂಬಲಿಲ್ಲ. ನಂಬಿದ ಒಬ್ಬಳೇ ಒಬ್ಬಳು ನಗು ತಡೆಯಲಾರದೆ ಕೆಮಿಸ್ಟ್ರಿ ಪೀರಿಯಡ್ ಪೂರ್ತಿ ಹೊರಗೆ ನಿಂತಳು. ಹೋದ ಬೇಸಿಗೆ ರಜೆಯಲ್ಲಿ ನಾನು ಎಂಟು ವರ್ಷದ ಹುಡುಗನೊಬ್ಬನ ಮೇಲೆ ಊಟ ಬಿಡುವಷ್ಟು ಹೊಟ್ಟೆಕಿಚ್ಚು ಪಟ್ಟೆ. ಅವನು ನೋಡನೋಡುತ್ತಿದ್ದಂತೆ ಎರಡು ಊರಿನ ಕನ್ನಡದವರಿಗೆಲ್ಲ ಮುದ್ದಿನ ಮಗುವಾಗಿಬಿಟ್ಟ. ಹೋಗಿ ಅವನ ಕಿವಿ ಹಿಂಡೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಯಾಕೆಂದರೆ ಆ ಹುಡುಗ ನಾನೇ.

ಹೋದ ವಾರ ಅಪ್ಪನ ಜೊತೆ ಕೊಚ್ಚಿಗೆ ಹೋಗಿದ್ದೆ. ಎಡಪ್ಪಳ್ಳಿಯಲ್ಲಿ ಮಾಲ್ ಎದುರು ಇಳಿಯುವಾಗಲೇ ಮಳೆ ಹಿಡಿಯಿತು. ಓಡಿಹೋಗಿ ಒಂದು ಚಹಾ ಅಂಗಡಿಯ ಸೂರಿನಡಿ ನಿಂತೆವು. ಒಳಗೆ ಕೊಬ್ಬರಿ ಎಣ್ಣೆಯ ಬಾಣಲೆಯಲ್ಲಿ ಪಳಂಪೊರಿ ಬೇಯುತ್ತಿತ್ತು. ಪಳಂಪೊರಿ ಅಂದರೆ ನೇಂದ್ರ ಬಾಳೆಹಣ್ಣಿನ ಬಜ್ಜಿ. ಇಲ್ಲಿಯವರು ಅದನ್ನು ತಿಂದೇ ಬದುಕಿದ್ದಾರೆ ಎಂಬುದು ನನ್ನ ಸಂಶೋಧನೆ. ಒದ್ದೆ ರಸ್ತೆಯ ವಾಸನೆಯೂ ಆ ಎಣ್ಣೆಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೊಳಗೆ ಹೋದ ವರ್ಷದ ಉರಿ ಮತ್ತೆ ಹೊತ್ತಿಕೊಂಡಿತು. ಅಪ್ಪ ಎರಡು ಪಳಂಪೊರಿ ತೆಗೆದುಕೊಂಡರು. ನಾನು ಬೇಡವೆಂದೆ. ನನ್ನನ್ನು ಬಲ್ಲವರಿಗೆ ಗೊತ್ತು, ಇದು ಪತ್ರಿಕೆಯಲ್ಲಿ ಬರಬೇಕಾದ ಸುದ್ದಿ.

ಅಪ್ಪನಿಗೆ ತಿರುವನಂತಪುರದಲ್ಲಿ ಬ್ಯಾಂಕ್ ಕೆಲಸ, ಅಮ್ಮನಿಗೆ ಅದೇ ಊರಿನ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ. ಪಾರ್ಕಿನ ಹಿಂದಿನ ಫ್ಲ್ಯಾಟಿನಲ್ಲಿ ನಮ್ಮ ಮನೆ. ನಾನು ಮೈಸೂರಿನಲ್ಲಿ ಒಂದಿಷ್ಟು ಓದಿ ಬಂದವಳು, ಆದ್ದರಿಂದ ನನ್ನ ಕನ್ನಡ ಹಾಲಿನಂತೆ, ಜೇನಿನಂತೆ, ನೀವು ಯಾವುದನ್ನು ಹೇಳುತ್ತೀರೋ ಅದರಂತೆ ಇದೆ. ನನ್ನ ತಮ್ಮ ಗುಂಡ ಮಾತ್ರ ಮಾತು ಕಲಿತದ್ದೇ ಇಲ್ಲಿ. ಅಮ್ಮ ಕನ್ನಡದಲ್ಲಿ ಬೈದರೆ ಒಂದಕ್ಷರ ಬಿಡದೆ ಅರ್ಥ ಮಾಡಿಕೊಳ್ಳುತ್ತಾನೆ, ಆಮೇಲೆ ಮಲಯಾಳದಲ್ಲಿ ವಾದ ಮಾಡುತ್ತಾನೆ. ನನ್ನನ್ನು ಅವನು ಕರೆಯುವುದು ಚೇಚಿ ಎಂದು. ಅಕ್ಕ ಅನ್ನು ಎಂದು ನಾನು ಚಾಕೊಲೇಟ್ ಕೊಟ್ಟೂ ನೋಡಿದೆ, ಕೊಡದೆಯೂ ನೋಡಿದೆ. ಚೇಚಿಯಾಗಿಯೇ ಉಳಿದೆ.

ಹೋದ ವರ್ಷ ಯುಗಾದಿಯ ನಂತರದ ಭಾನುವಾರ ತಿರುವನಂತಪುರ, ಕೊಚ್ಚಿ ಎರಡೂ ಊರಿನ ಕನ್ನಡದವರು ಎಡಪ್ಪಳ್ಳಿಯ ಒಂದು ಹಾಲ್‌ನಲ್ಲಿ ಸೇರಿದ್ದರು. ಹೋಳಿಗೆ ಊಟವಾಯಿತು, ಸಂಜೆ ಚಹಾದ ಜೊತೆ ಪಳಂಪೊರಿಯೂ ಬಂತು. ದೊಡ್ಡವರೆಲ್ಲ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಮಕ್ಕಳ ಮೇಲೆ ದೂರು ಹೇಳಲು ಕೂತರು.

"ನಮ್ಮವಳು ಅಪ್ಪ ಅನ್ನಲ್ಲ ಕಣ್ರೀ, ಇಲ್ಲಿಯವರ ಹಾಗೆ ಅಚ್ಛಾ ಅಂತಾಳೆ."

"ನಮ್ಮವನಿಗೆ ಎಲ್ಲಾ ಅರ್ಥ ಆಗತ್ತೆ, ಬಾಯಿ ಮಾತ್ರ ಬಿಡಲ್ಲ" ಎಂದಳು ನನ್ನ ಅಮ್ಮ.

ಸದಾನಂದ ಮಾಮ ಎದ್ದರು. ಉಡುಪಿ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದು ನಿವೃತ್ತರಾದವರು. ಕನ್ನಡದವರು ಎಲ್ಲಿ ಸೇರಿದರೂ ಮೈಕ್ ಅವರ ಕೈಗೆ ತಾನಾಗಿಯೇ ಹೋಗುತ್ತದೆ. "ಹಾಗಾದರೆ ಈ ರಜೆಯಲ್ಲಿ ಸಣ್ಣ ಮಕ್ಕಳಿಗೆ ಒಂದು ಆನ್‌ಲೈನ್ ಕೋರ್ಸ್ ಮಾಡುವ. ನಾವು ಮುದುಕರು ಕಲಿಸಿದರೆ ಅವು ಕೇಳುವುದಿಲ್ಲ. ದೊಡ್ಡ ಮಕ್ಕಳೇ ಸಣ್ಣವರಿಗೆ ಕಲಿಸಲಿ. ಯಾರುಂಟು?"

ಅವರ ಪ್ರಶ್ನೆ ಮುಗಿಯುವ ಮೊದಲೇ ನಾನು ಎದ್ದು ನಿಂತು, ಕೂದಲು ಸರಿಮಾಡಿಕೊಂಡು, ಚಪ್ಪಾಳೆಗೆ ಕಾಯುತ್ತಿದ್ದೆ. "ನಾನು ಮಾಡ್ತೀನಿ ಅಂಕಲ್. ನಂಗೆ ವಿಡಿಯೊ ಎಡಿಟಿಂಗ್ ಬರತ್ತೆ, ಕನ್ನಡವಂತೂ ಬಂದೇ ಬರತ್ತೆ."

"ನಾನೂ ಮಾಡ್ಲೇನ್ರಿ ಮಾಮಾ?"

ದನಿ ಹಿಂದಿನಿಂದ ಬಂತು. ತಿರುಗಿ ನೋಡಿದರೆ ನೀಲಿ ದುಪಟ್ಟಾ ತಲೆಗೆ ಹೊದ್ದ ಹುಡುಗಿ, ನನಗಿಂತ ಒಂದು ಕ್ಲಾಸು ಚಿಕ್ಕವಳು, ಕೈಯಲ್ಲಿ ಅರ್ಧ ತಿಂದ ಪಳಂಪೊರಿ. ಹೆಸರು ರೂಬಿನಾ. ಧಾರವಾಡದವರು, ಅವಳಪ್ಪ ಕೊಚ್ಚಿಯ ಐಟಿ ಪಾರ್ಕಿನಲ್ಲಿ, ಮನೆ ಆ ಹಾಲ್‌ನಿಂದ ಎರಡು ಗಲ್ಲಿ ಆಚೆ. ಅರ್ಧ ತಿಂದ ಬಜ್ಜಿ ಹಿಡಿದುಕೊಂಡು ಸವಾಲು ಹಾಕುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇಬ್ಬರೂ ಮಾಡಿ ಮಾರಾಯ್ತಿ, ಅದಕ್ಕೆಂತ!" ಎಂದರು ಸದಾನಂದ ಮಾಮ. "ರಜೆ ಮುಗಿಯುವಾಗ ಎಲ್ಲ ಮನೆಯವರೂ ಆನ್‌ಲೈನ್ ಸೇರಿ ಒಂದನ್ನು ಆರಿಸುವ. ಅದು ವರ್ಷ ಇಡೀ ನಡೀಲಿ. ಮಾಡಿದವಳೇ ಎರಡು ಊರಿನ ಮಕ್ಕಳಿಗೂ ಟೀಚರ್."

ಟೀಚರ್! ಮನೆಗೆ ಹೋಗುವ ಬಸ್ಸು ಆಲಪ್ಪುಳ ದಾಟುವ ಮೊದಲೇ ನಾನು ನನ್ನ ಇಡೀ ಕ್ಲಾಸಿಗೆ, ಮೈಸೂರಿನ ಚಿಕ್ಕಮ್ಮಂದಿರಿಗೆ, ನನ್ನನ್ನು ಕಂಡರಾಗದ ಹಳೆಯ ಗಣಿತದ ಮಿಸ್‌ಗೆ ಸುದ್ದಿ ಕಳಿಸಿಯಾಗಿತ್ತು: ಎರಡು ಜಿಲ್ಲೆಗಳಿಗೆ ಕನ್ನಡ ಶಿಕ್ಷಕಿಯಾಗಿ ನನ್ನ ನೇಮಕವಾಗಿದೆ. ಹಾಗಾಗಿ ನೋಡಿ, ಸೋಲುವ ಅವಕಾಶವೇ ನನಗಿರಲಿಲ್ಲ.

ಆ ಸಂಜೆಯ ಇನ್ನೊಂದು ದೃಶ್ಯ ಹೇಳಬೇಕು. ನಾನು ದೊಡ್ಡವರಿಗೆ ನನ್ನ ಯೋಜನೆ ವಿವರಿಸುತ್ತಿದ್ದಾಗ ರೂಬಿನಾ ನೆಲದ ಮೇಲೆ, ಸಿಂಬಳದ ಮಕ್ಕಳ ನಡುವೆ ಕೂತಿದ್ದಳು.

"ನಿಮಗ ಕನ್ನಡ ತಿಳೀತೈತೆಲ್ಲ, ಮತ್ತ ಯಾಕ ಮಾತಾಡಂಗಿಲ್ಲ?"

"ಚಿರಿಕ್ಕುಂ" ಎಂದಿತು ಒಂದು ಮಗು. ನಗುತ್ತಾರೆ ಎಂದು.

"ಯಾರ್ ನಗ್ತಾರ?"

"ಎಲ್ಲಾರುಂ."

ಆ ಗುಂಪಿನಲ್ಲಿ ಅವಳ ಬಜ್ಜಿಯ ಉಳಿದರ್ಧವನ್ನು ತಿನ್ನುತ್ತ ಕೂತಿದ್ದ ಒಬ್ಬ ನನ್ನ ಸ್ವಂತ ತಮ್ಮ. ಇರಲಿ, ತಿನ್ನಲಿ ಎಂದುಕೊಂಡೆ. ತಿಂದ ಮಾತ್ರಕ್ಕೆ ಪಕ್ಷ ಬದಲಾಯಿಸುವಂಥವನಲ್ಲ ಎಂಬ ನಂಬಿಕೆ. ಆ ನಂಬಿಕೆಗೆ ಏನಾಯಿತು ಎಂದು ಮುಂದೆ ಗೊತ್ತಾಗುತ್ತದೆ.

ಏಪ್ರಿಲ್ ತಿಂಗಳು. ಕಳಕ್ಕೂಟಂನ ಸೆಕೆಯಲ್ಲಿ ಫ್ಯಾನು ಬಿಸಿ ಗಾಳಿಯನ್ನೇ ಕಲಕಿ ಕಲಕಿ ಕೊಡುತ್ತಿತ್ತು. ಆನ್‌ಲೈನ್ ಕೋರ್ಸ್ ರೂಪಿಸುವುದು ಹೇಗೆ ಎಂದು ಹೇಳಿಕೊಡುವ ವಿಡಿಯೊಗಳನ್ನು ರಾಶಿ ರಾಶಿ ನೋಡಿದೆ. ಎಲ್ಲರೂ ಶುರುವಿನಲ್ಲಿ ಒಂದೇ ಹಾಡು ಹಾಡುತ್ತಾರೆ: ಕಲಿಯುವವರು ಯಾರು, ಅವರಿಗೆ ಈಗಾಗಲೇ ಏನು ಗೊತ್ತು, ಎಲ್ಲಿ ಕೂತು ನೋಡುತ್ತಾರೆ, ಕೊನೆಗೆ ಅವರಿಂದ ಏನು ಮಾಡಲು ಸಾಧ್ಯವಾಗಬೇಕು. ಆ ಭಾಗವನ್ನೆಲ್ಲ ಬೆರಳಿನಿಂದ ಮುಂದಕ್ಕೆ ತಳ್ಳಿದೆ. ಮುಖಕ್ಕೆ ಲೈಟು ಎಲ್ಲಿಂದ ಬೀಳಬೇಕು ಎಂಬಲ್ಲಿ ನಿಲ್ಲಿಸಿ, ಎರಡೆರಡು ಸಲ ನೋಡಿದೆ.

ಶೀರ್ಷಿಕೆಯ ದೃಶ್ಯಕ್ಕೆ ನಮ್ಮೂರ ಪಕ್ಕದ ವಿಳಿಂಜಂ ಬಂದರಿನ ದಡವೇ ಆಗಬೇಕೆಂದು ಹಟ ಹಿಡಿದು ಅಪ್ಪನನ್ನು ಎಳೆದುಕೊಂಡು ಹೋದೆ. ಹಿನ್ನೆಲೆಯಲ್ಲಿ ಹೊಸ ಬಂದರಿನ ಕ್ರೇನುಗಳು, ಮುಂದೆ ಮೀನಿನ ದೋಣಿಗಳು, ಮಧ್ಯದಲ್ಲಿ ರೇಷ್ಮೆ ಲಂಗ ಉಟ್ಟು ನಿಧಾನಗತಿಯಲ್ಲಿ ನಡೆದುಬರುವ ನಾನು. ಮೊದಲನೆಯ ಸಲ ಗಾಳಿಗೆ ಕೂದಲು ಬಾಯಿಗೆ ಬಂತು. ಎರಡನೆಯ ಸಲ ಒಂದು ಕಾಗೆ, ಅದು ಬೇಡ ಬಿಡಿ. ಮೂರನೆಯ ಸಲ ನಾನು ಕೈಚಾಚಿ "ಬನ್ನಿ ಮಕ್ಕಳೇ, ಕನ್ನಡ ಕಲಿಯೋಣ" ಎನ್ನುವಾಗ ಮೀನು ಬುಟ್ಟಿ ಹೊತ್ತ ಚೇಚಿಯೊಬ್ಬರು ಫ್ರೇಮಿನೊಳಗೇ ಬಂದು ನಿಂತು, "ಎಂದಾ ಮೋಳೇ, ಸಿನಿಮಯಾಣೋ?" ಎಂದರು. ಏನಮ್ಮಾ, ಸಿನಿಮಾವಾ ಅಂತ. ಹೌದು ಎಂದೆ. ಸುಳ್ಳೇನೂ ಅಲ್ಲ.

ಮೊದಲ ಪಾಠ ಮುಕ್ಕಾಲು ಗಂಟೆಯಾಯಿತು. ಶೀರ್ಷಿಕೆ ಸಂಗೀತ, ಕನ್ನಡದ ಹಿರಿಮೆಯ ಬಗ್ಗೆ ನನ್ನ ಭಾಷಣ, ಕರ್ನಾಟಕದ ನಕ್ಷೆ, ಆಮೇಲೆ ಅ ದಿಂದ ಅಃ ವರೆಗೆ ಒಂದೊಂದು ಅಕ್ಷರವೂ ಬೆಂಕಿಯ ಕಿಡಿ ಹಾರಿಸುತ್ತ ಬರುವ ಅನಿಮೇಷನ್. ಎಲ್ಲರಿಗೂ ಕಳಿಸುವ ಮೊದಲು ಗುಂಡನನ್ನು ಪರೀಕ್ಷಾ ಪ್ರೇಕ್ಷಕನಾಗಿ ಕೂರಿಸಿದೆ. ಮುಗಿಯುವಾಗ ನೋಡಿದರೆ ಅವನ ತಲೆ ಸೋಫಾದ ಕೈಯ ಮೇಲಿತ್ತು.

"ಹೇಗಿತ್ತೋ?"

"ನಲ್ಲ ಉರಕ್ಕಂ ವನ್ನು" ಎಂದ. ಒಳ್ಳೆಯ ನಿದ್ದೆ ಬಂತು ಎಂದು.

ಅವನ ಅಭಿರುಚಿಯೇ ಅಷ್ಟು ಎಂದು ಹಾಗೇ ಕಳಿಸಿಬಿಟ್ಟೆ. ಹೊಗಳಿಕೆಗೆ ಕಾಯುತ್ತ ಫೋನ್ ಹಿಡಿದು ಕೂತೆ. ಯಾರು ಎಷ್ಟು ಹೊತ್ತು ನೋಡಿದರೆಂದು ತೋರಿಸುವ ಗೆರೆಯೊಂದಿರುತ್ತದೆ. ನನ್ನ ಗೆರೆ ವಿಳಿಂಜಂನ ಬಂಡೆಯ ಹಾಗೆ ನೆಟ್ಟಗೆ ಸಮುದ್ರಕ್ಕೆ ಬಿದ್ದಿತ್ತು. ಮಕ್ಕಳೆಲ್ಲ ನಾನು ನಡೆದುಬಂದು ನಿಲ್ಲುವ ಮೊದಲೇ ಇಳಿದುಹೋಗಿದ್ದರು. ಒಬ್ಬ ತಾಯಿ ಬಹಳ ಗೌರವದಿಂದ ಬರೆದಿದ್ದರು: "ಚೆನ್ನಾಗಿದೆ ಪುಟ್ಟಾ. ಆದ್ರೆ ನಾನು ಅಡುಗೆ ಮಾಡುವಾಗ ಅವಳು ನನ್ನ ಫೋನಲ್ಲೇ ನೋಡೋದು. ಅಕ್ಷರ ಕಾಣಲ್ಲ, ಡೇಟಾ ಎಲ್ಲಾ ಖಾಲಿ ಆಯ್ತು. ಮತ್ತೆ ಅ ಆ ಅವಳಿಗೆ ಬರತ್ತಲ್ವಾ?"

ಕೊಚ್ಚಿಯ ಕಡೆಯಿಂದ ಬಂದದ್ದು ಏನು ಗೊತ್ತೇ? ವಿಡಿಯೊ ಕೂಡ ಅಲ್ಲ. ಬರೀ ದನಿ. ಒಂದು ದೋಸೆ ಬೇಯುವಷ್ಟರಲ್ಲಿ ಮುಗಿದುಹೋಗುವ ಒಂದು ಆಡಿಯೊ. ಹಿಂದೆ ಫ್ಯಾನಿನ ಸದ್ದು, ಕುಕ್ಕರಿನ ಸೀಟಿ, ಯಾರೋ ಬಾಗಿಲು ಬಡಿದದ್ದು, ಎಲ್ಲವೂ ಅದರೊಳಗೇ. "ಇವತ್ತಿನ ಪಾಠ, ದೂರು ಹೇಳೂದು. ನಿಮ್ಮ ಮನ್ಯಾಗ ನಿಮಗ ಯಾರ ಮ್ಯಾಲೆ ಸಿಟ್ಟು ಐತಿ? ಯಾಕ? ನಿಮ್ಮನಿಯೊಳಗ ಹೆಂಗ ಅಂತಾರೋ ಹಂಗ ಅನ್ರಿ, ನನ್ನಂಗ ಅನ್ನೂದ ಬ್ಯಾಡ. ನನಗೊಬ್ಬಾಕಿಗೇ ಕಳಸ್ರಿ. ನಾ ಯಾರಿಗೂ ಕೇಳಸಂಗಿಲ್ಲ, ನೀವು ಹೂಂ ಅನ್ನೂತನಕ. ಹೇಳ್ರಿ, ನಾ ಕೇಳಾಕತ್ತೀನಿ." ಆಮೇಲೆ ಸುಮ್ಮನಾದಳು. ನಿಜವಾಗಿ ಸುಮ್ಮನಾದಳು! ಫ್ಯಾನು ಮಾತ್ರ ತಿರುಗುತ್ತಿತ್ತು.

ಇದು ಪಾಠವೇ? ಅಕ್ಷರವಿಲ್ಲ, ನಕ್ಷೆಯಿಲ್ಲ, ರೇಷ್ಮೆ ಲಂಗವಿಲ್ಲ. ಎರಡನೆಯ ಪಾಠ, ಇಷ್ಟವಿಲ್ಲದ ತಿಂಡಿಯನ್ನು ಬೇಡ ಅನ್ನುವುದು. ಮೂರನೆಯದು, ಅಣ್ಣ ಅಕ್ಕಂದಿರನ್ನು ಅಣಕಿಸುವುದು. ಮಗು ಮಲಯಾಳದಲ್ಲಿ ಉತ್ತರಿಸಿದರೆ ಅವಳು ತಿದ್ದುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು, ಅಷ್ಟೇ. ಕೋರ್ಸ್ ಎಂದರೆ ಇದಾದರೆ ನಮ್ಮ ಫ್ಲ್ಯಾಟಿನ ವಾಚ್‌ಮನ್ ಕೂಡ ಪ್ರೊಫೆಸರ್ ಎಂದು ನಾನು ಊಟದ ಟೇಬಲ್ಲಿನಲ್ಲಿ ಬಹಳ ಚೆನ್ನಾಗಿ ಹಾಸ್ಯ ಮಾಡಿದೆ. ಯಾರೂ ನಗಲಿಲ್ಲ. ಅಮ್ಮ ಇಯರ್‌ಫೋನ್ ಹಾಕಿಕೊಂಡು ರೂಬಿನಾಳ ಪಾಠ ಕೇಳುತ್ತಿದ್ದಳು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಭೂಕಂಪವಾಯಿತು. ತಟ್ಟೆ ಮುಂದೆ ಕೂತ ಗುಂಡ ಅದನ್ನು ನೋಡಿದ, ಅಮ್ಮನನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ಅಮ್ಮಾ, ನನಗ ಉಪ್ಪಿಟ್ಟು ಬ್ಯಾಡ. ನಿನ್ನೀನೂ ಇದ ಇತ್ತು."

ಅಮ್ಮನ ಕೈಯ ಸೌಟು ನಿಂತಿತು. ಅಪ್ಪ ಪತ್ರಿಕೆ ಇಳಿಸಿದರು. ಗೋಡೆಯ ಮೇಲಿನ ಹಲ್ಲಿಯೂ ತಿರುಗಿತು, ಆಣೆ.

"ಏನಂದೆ ಕಂದಾ? ಇನ್ನೊಂದ್ಸಲ ಅನ್ನು."

"ಬ್ಯಾಡ ಅಂದೆ."

ಅಮ್ಮ ಅವನನ್ನು ಉಪ್ಪಿಟ್ಟಿನ ಕೈಯಲ್ಲೇ ತಬ್ಬಿಕೊಂಡಳು. ಅಪ್ಪ, "ಅಯ್ಯೋ, ಮೈಸೂರಿನವನ ಮಗ ಧಾರವಾಡದ ಕನ್ನಡ ಮಾತಾಡ್ತಾನಲ್ಲೇ!" ಎಂದು ಟೇಬಲ್ ತಟ್ಟಿ ನಕ್ಕರು. ಮೈಸೂರಿಗೆ ಫೋನ್ ಹೋಯಿತು, ಅಜ್ಜಿಗೆ ಮೂರು ಸಲ 'ಬ್ಯಾಡ' ಕೇಳಿಸಲಾಯಿತು, ಅಜ್ಜಿ ಮೂರು ಸಲವೂ ಅತ್ತರು. ಹುಟ್ಟಿದಾಗಿನಿಂದ ಅವರ ಕಿವಿಗೆ ಬಿದ್ದ ಮೊಮ್ಮಗನ ಮೊದಲ ಕನ್ನಡ ಅದು. ಉಪ್ಪಿಟ್ಟು ಬೇಡವೆಂದವನಿಗೆ ತುಪ್ಪದ ದೋಸೆ ಬಂತು. ನಾನು ಹದಿನಾರು ವರ್ಷಗಳಿಂದ ಶುದ್ಧ ಕನ್ನಡದಲ್ಲಿ ಉಪ್ಪಿಟ್ಟು ಬೇಡ ಎನ್ನುತ್ತಲೇ ಇದ್ದೇನೆ. ನನಗೆ ಇಲ್ಲಿಯವರೆಗೆ ಸಿಕ್ಕಿರುವುದು ಉಪ್ಪಿಟ್ಟು.

"ಯಾರೋ ಕಲ್ಸಿದ್ದು ಇದನ್ನ?" ಎಂದು ಅವನನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ ಕೇಳಿದೆ.

"ರೂಬಿನಾಕ್ಕ."

ಅಕ್ಕ! ಅವಳು ಅಕ್ಕ, ನಾನು ಚೇಚಿ.

"ನನ್ ಕೋರ್ಸಲ್ಲಿ ಏನೋ ಕಮ್ಮಿ ಇತ್ತು?"

ಅವನು ಯೋಚಿಸಿದ. ಅವನ ಯೋಚನೆ ಕನ್ನಡದಲ್ಲಿ ನಡೆಯುತ್ತಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು. "ಚೇಚಿ, ನೀ ಬರೇ ಮಾತಾಡ್ತಿ. ಕೇಳಂಗೇ ಇಲ್ಲ."

ಅಂದೇ ಅಚ್ಚು ಹುಟ್ಟಿದ.

ಅಮ್ಮನ ಹಳೆಯ ಫೋನು, ಯಾರೂ ಬಳಸದ ಒಂದು ಸಿಮ್ಮು. ಹೆಸರು ಅಚ್ಚು, ವಯಸ್ಸು ಎಂಟು, ಊರು ವಿಳಿಂಜಂ, ತಂದೆ ಕಾರವಾರದವರು, ಬಂದರಿನಲ್ಲಿ ಕೆಲಸ, ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲದ್ದರಿಂದ ಕ್ಯಾಮೆರಾ ಯಾವತ್ತೂ ಆನ್ ಆಗುವುದಿಲ್ಲ. ಇಷ್ಟೊಂದು ಅಚ್ಚುಕಟ್ಟಾಗಿ ನಾನು ನನ್ನ ಕೋರ್ಸನ್ನೂ ರೂಪಿಸಿರಲಿಲ್ಲ. ಮೂಗನ್ನು ಎರಡು ಬೆರಳಲ್ಲಿ ಹಿಡಿದು ಮಾತಾಡಿದರೆ ದನಿ ನೆಗಡಿಯಾದ ಹುಡುಗನದ್ದೇ. ಉಪಾಯ ಸರಳ: ಅಚ್ಚು ರೂಬಿನಾಳ ಕ್ಲಾಸಿಗೆ ಸೇರುತ್ತಾನೆ, ಎಷ್ಟು ಕಲಿಸಿದರೂ ಕಲ್ಲಿನಂತೆ ಇರುತ್ತಾನೆ, ರಜೆಯ ಕೊನೆಯ ಮೀಟಿಂಗಿನಲ್ಲಿ ಎಲ್ಲರೆದುರು ಬಾಯಿ ಬಿಡದೆ ಅವಳ ಮಾನ ತೆಗೆಯುತ್ತಾನೆ.

ಮೊದಲ ದಿನ ಅವಳು ಕೇಳಿದಳು, "ಲೇ ಅಚ್ಚು, ನಿನಗ ಯಾರ ಮ್ಯಾಲೆ ಸಿಟ್ಟು ಐತಿ?"

"ಅರಿಯಿಲ್ಲ" ಎಂದ ಅಚ್ಚು ಮೂಗಿನಿಂದ. ಗೊತ್ತಿಲ್ಲ ಎಂದು, ಮಲಯಾಳದಲ್ಲಿ.

"ಆತು. ನಾಳೆ ಮತ್ತ ಕೇಳ್ತೀನಿ. ನೆಗಡಿಗೆ ಏನರ ತಗೊಂಡೀಯೇನು?"

ಮರುದಿನವೂ ಅರಿಯಿಲ್ಲ. ಅದರ ಮರುದಿನವೂ. ಅವಳು ಒಮ್ಮೆಯೂ ರೇಗಲಿಲ್ಲ, ಬರೀ ನೆಗಡಿ ವಿಚಾರಿಸುತ್ತಿದ್ದಳು. ಶುಂಠಿ ಕಷಾಯ ಮಾಡುವುದು ಹೇಗೆ ಎಂದು ಅಚ್ಚುವಿನ ಅಮ್ಮನಿಗೊಂದು ಪ್ರತ್ಯೇಕ ಆಡಿಯೊ ಕಳಿಸಿದಳು. ಅಷ್ಟರಲ್ಲಿ ಒಂದು ಸಂಜೆ, ಗುಡುಗು ಸಹಿತ ಬೇಸಿಗೆ ಮಳೆ ಸುರಿಯುತ್ತಿದ್ದಾಗ, ಸದಾನಂದ ಮಾಮ ಅಪ್ಪನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಕೇಳಿಸಿತು: "ಆ ಧಾರವಾಡದ ಹುಡುಗಿ ಎಂತ ಮಾಡಿದ್ದಾಳೆ ಮಾರಾಯ್ರೇ, ನನ್ನ ಮೊಮ್ಮಗಳು ಈಗ ನನ್ನನ್ನು ಕನ್ನಡದಲ್ಲಿ ಬೈತಾಳೆ! ಖುಷಿ ಆಯ್ತು. ಮತ್ತೆ ನಿಮ್ಮ ಪ್ರಣತಿಯದ್ದೂ... ಅವಳ ಡ್ರೆಸ್ ಚಂದ ಇತ್ತು."

ಡ್ರೆಸ್!

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಳೆಯ ಫೋನಿನಲ್ಲಿ ಅವಳ ಪ್ರಶ್ನೆ ಮತ್ತೆ ಬಂದು ಕೂತಿತ್ತು. ಮೂಗು ಹಿಡಿದೆ, ಗುಂಡಿ ಒತ್ತಿದೆ. "ಒಬ್ಬಳು ಇದ್ದಾಳೆ. ಎಲ್ಲರೂ ಅವಳನ್ನೇ ಹೊಗಳ್ತಾರೆ. ನಾನು ಎಷ್ಟು ಕಷ್ಟಪಟ್ಟೆ ಅಂತ ಯಾರೂ ಕೇಳಲ್ಲ. ಅವಳು ಏನೂ ಮಾಡಲ್ಲ, ಸುಮ್ನೆ ಪ್ರಶ್ನೆ ಕೇಳಿ ಕೂತ್ಕೋತಾಳೆ, ಎಲ್ಲರೂ ಅವಳ ಹತ್ರಾನೇ ಹೋಗ್ತಾರೆ. ನನ್ ತಮ್ಮನೂ."

ಕಳಿಸಿದ ಮೇಲೆ ಗೊತ್ತಾಯಿತು, ಕಲ್ಲಿನಂತಿರಬೇಕಾದ ಅಚ್ಚು ಕನ್ನಡದಲ್ಲಿ ಪುಟಗಟ್ಟಲೆ ಮಾತಾಡಿಬಿಟ್ಟಿದ್ದ.

ಆ ಕಡೆಯಿಂದ ಒಂದು ಕಿರುಚಾಟ ಬಂತು. "ಯವ್ವಾ! ಅಚ್ಚು ಮಾತಾಡಿದಾ! ಪಪ್ಪಾ, ಅಚ್ಚು ಮಾತಾಡಿದಾ!" ಆಮೇಲೆ ದನಿ ತಗ್ಗಿಸಿ, "ಎಲ್ಲಾರಿಗೂ ಹೇಳ್ಲೇನೋ? ಏನ್ ಅಂದಿ ಅಂತ ಹೇಳಂಗಿಲ್ಲ, ಮಾತಾಡಿದಿ ಅಂತಷ್ಟ."

ಇಂಥ ಸಂದರ್ಭದಲ್ಲಿ ಇಲ್ಲ ಎನ್ನಬೇಕು. ನಾನು ಹೂಂ ಎಂದೆ. ಯಾಕೆ ಅಂದೆನೋ. ಒಬ್ಬರು ನನ್ನ ಮಾತು ಕೇಳಿ ಅಷ್ಟು ಜೋರಾಗಿ ಕೂಗಿಕೊಂಡದ್ದು ಆ ರಜೆಯಲ್ಲಿ ಅದೇ ಮೊದಲು.

ಅಲ್ಲಿಂದ ಅಚ್ಚುವನ್ನು ಹಿಡಿಯುವವರೇ ಇಲ್ಲ. ಗ್ರೂಪಿನಲ್ಲಿ ಎಲ್ಲ ಅಮ್ಮಂದಿರೂ ಅವನಿಗೆ ಹೃದಯ ಕಳಿಸಿದರು. ಯಾರೋ ಅವನ ನೆಗಡಿಗೆ ಹರಕೆ ಹೊತ್ತರು. ನನ್ನ ಸ್ವಂತ ಅಮ್ಮ ಚಪಾತಿ ಲಟ್ಟಿಸುತ್ತ, "ಆ ವಿಳಿಂಜಂ ಮಗು ನೋಡು ಪ್ರಣತಿ, ಮನೇಲಿ ಏನು ಕಷ್ಟಾನೋ ಪಾಪ, ಎಷ್ಟು ಚೆನ್ನಾಗಿ ಮಾತಾಡ್ತಂತೆ. ಅಂಥ ಮಕ್ಕಳನ್ನ ನೋಡಿ ಕಲೀಬೇಕು" ಎಂದಳು. ಯಾರನ್ನು ನೋಡಿ ಯಾರು ಕಲಿಯಬೇಕು? ಆ ರಾತ್ರಿ ನಾನು ಚಪಾತಿ ಮುಟ್ಟಲಿಲ್ಲ. ಅಚ್ಚುವಿನ ಮೇಲಿನ ಸಿಟ್ಟಿಗೆ ನಾನು ಹಸಿದುಕೊಂಡು ಮಲಗಿದೆ, ಹಸಿದದ್ದು ಇಬ್ಬರೂ ಎಂಬುದು ಆಮೇಲೆ ಹೊಳೆಯಿತು.

ನನ್ನ ಕೋರ್ಸನ್ನೂ ರಿಪೇರಿ ಮಾಡಿದೆ, ಮಾಡಲಿಲ್ಲವೆಂದು ತಿಳಿಯಬೇಡಿ. ಮುಕ್ಕಾಲು ಗಂಟೆಯನ್ನು ಕತ್ತರಿಸಿ ಚೂರು ಮಾಡಿದೆ. ಅಕ್ಷರ ದೊಡ್ಡದು ಮಾಡಿದೆ. ಕೊನೆಯಲ್ಲಿ ಪ್ರಶ್ನೆಯನ್ನೂ ಸೇರಿಸಿದೆ: "ನಾನು ಹೇಗೆ ಕಲಿಸಿದೆ?" ಉತ್ತರ ಬರಲಿಲ್ಲ.

ಅಚ್ಚು ಮಾತ್ರ ದಿನಾ ಸಂಜೆ ಬಾಗಿಲು ಹಾಕಿಕೊಂಡು ಕಲಿಯುತ್ತಿದ್ದ. ಒಂದು ದಿನ ಅವಳೇ ಆ ವಿಷಯ ತೆಗೆದಳು. "ಅಚ್ಚು, ನೀ ಆ ಅಕಿ ಮುಂದ ಹೋಗಿ ಅಂದುಬಿಡು. ನಿನ್ನ ಕಂಡ್ರ ನನಗ ಹೊಟ್ಟೆಕಿಚ್ಚು ಅಂತ. ಅಂದ್ರ ಅರ್ಧ ಕಮ್ಮಿ ಆಗ್ತೈತಿ. ನನಗೂ ಒಬ್ಬಾಕಿ ಮ್ಯಾಲೆ ಹಂಗ ಐತಿ."

ಅಚ್ಚು ಮೂಗು ಹಿಡಿಯುವುದನ್ನೇ ಮರೆಯುವುದರಲ್ಲಿದ್ದ. "ಯಾರ ಮೇಲೆ?"

"ತಿರುವನಂತಪುರದಾಗ ಪ್ರಣತಿ ಅಂತ ಒಬ್ಬ ಅಕ್ಕ ಅದಾಳ. ಎಲ್ಲಾರ ಮುಂದ ಹೆಂಗ ಎದ್ದು ನಿಂತು ಮಾತಾಡ್ತಾಳ ಗೊತ್ತೈತೇನು? ಸಮುದ್ರದ ಮುಂದ ನಡಕೋತ ಬರ್ತಾಳ, ರಾಣಿ ಹಂಗ. ನನಗ ಕ್ಯಾಮೆರಾ ಕಂಡ್ರ ಕಾಲು ನಡಗ್ತಾವ. ಅದಕ್ಕ ನಾ ಬರೀ ದನಿ ಕಳಸೂದು. ಯಾರಿಗೂ ಹೇಳಬ್ಯಾಡ ಮತ್ತ."

ಅದನ್ನು ನಾನು ಒಂದೇ ಸಲ ಕೇಳಿದೆ. ಸರಿ, ಹತ್ತು ಸಲ. ಫೋನ್ ಬಿಸಿಯಾಗಿ ದಿಂಬಿನ ಮೇಲಿಡಬೇಕಾಯಿತು, ಅಷ್ಟು ಸಲ. 'ರಾಣಿ ಹಂಗ' ಎಂಬಲ್ಲಿಗೆ ಮಾತ್ರ ಇನ್ನೂ ಸ್ವಲ್ಪ ಜಾಸ್ತಿ. ಇದನ್ನು ಕ್ಲಾಸಿನ ಹುಡುಗಿಯರಿಗೆಲ್ಲ ಕೇಳಿಸಬೇಕೆಂದು ಕೈ ತುರಿಸಿತು. ಯಾಕೋ ಕೇಳಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಹೊಟ್ಟೆಯಲ್ಲಿ ಕೂತಿತು: ಹೊಟ್ಟೆಕಿಚ್ಚನ್ನೂ ಅವಳು ನನಗಿಂತ ಚೆನ್ನಾಗಿ ಪಡುತ್ತಾಳೆ.

ಶಾಲೆ ಶುರುವಾಗುವ ಮುಂಚಿನ ಭಾನುವಾರ ಕೊನೆಯ ಮೀಟಿಂಗು. ಮುಂಗಾರು ಇನ್ನೇನು ಬಂತು ಎನ್ನುವ ಹಾಗೆ ಮೋಡ ಕಟ್ಟಿ ಮಧ್ಯಾಹ್ನವೇ ಲೈಟು ಹಾಕುವಂತಾಗಿತ್ತು. ಅಪ್ಪ ಮತ್ತು ಗುಂಡ ಹಾಲ್‌ನಲ್ಲಿ ಅಪ್ಪನ ಫೋನಿನ ಮುಂದೆ ಕೂತರು. ಅಮ್ಮನಿಗೆ ಭಾನುವಾರವೂ ಆಫೀಸಿನ ಕಾಲ್ ಇತ್ತು, ಇನ್ನೊಂದು ಕೋಣೆಯಲ್ಲಿದ್ದಳು. ನಾನು ನನ್ನ ಕೋಣೆಯಲ್ಲಿ, ಎದುರಿಗೆ ಲ್ಯಾಪ್‌ಟಾಪಿನಲ್ಲಿ ಪ್ರಣತಿ, ತೊಡೆಯ ಮೇಲೆ ಹಳೆಯ ಫೋನಿನಲ್ಲಿ ಅಚ್ಚು. ಮೊದಲು ಪ್ರಣತಿ ತನ್ನ ಕೋರ್ಸ್ ತೋರಿಸಿದಳು. ಚಪ್ಪಾಳೆ ಬಂತು, ಮದುವೆ ಮನೆಯಲ್ಲಿ ಭಾಷಣ ಮುಗಿಸಿದವರಿಗೆ ಬರುವಂಥದ್ದು. ಪ್ರಣತಿ ಮೈಕು, ಕ್ಯಾಮೆರಾ ಎರಡೂ ಆರಿಸಿಕೊಂಡಳು.

ರೂಬಿನಾ ಕ್ಯಾಮೆರಾ ಮುಂದೆ ಬಂದಳು. ಅವಳ ಗಲ್ಲ ನಡುಗುವುದು ನನಗೊಬ್ಬಳಿಗೆ ಕಾಣುತ್ತಿತ್ತು. "ನಾ ಏನೂ ಹೇಳಂಗಿಲ್ರಿ. ಹುಡುಗ್ರು ಹೇಳ್ತಾರ" ಎಂದಳು. ಒಂದೊಂದೇ ಮಗು ಬಂದು ಮಾತಾಡಿತು. ಉಡುಪಿಯ ಕನ್ನಡ, ಬೆಂಗಳೂರಿನ ಕನ್ನಡ, ಮಧ್ಯೆ ಮಲಯಾಳ ತುಂಬಿದ ಕನ್ನಡ. ನಮ್ಮ ಗುಂಡ ಬಂದು ಉಪ್ಪಿಟ್ಟಿನ ವಿರುದ್ಧ ದೀರ್ಘ ಭಾಷಣ ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ.

"ಇನ್ನು ಆ ವಿಳಿಂಜಂನ ಮಗು ಬಂದಿದಾ?" ಎಂದರು ಸದಾನಂದ ಮಾಮ. "ಅದೊಂದು ಮಾತಾಡಿದರೆ ಮತ್ತೆ ಓಟು ಹಾಕುವ. ನನಗಂತೂ ಅದನ್ನು ಕೇಳದೆ ಓಟು ಹಾಕುವುದಕ್ಕಾಗುವುದಿಲ್ಲ."

ಅಂದರೆ ಇಡೀ ರಜೆ ಈಗ ನನ್ನ ಎರಡು ಬೆರಳುಗಳ ನಡುವೆ ಇತ್ತು, ಮೂಗಿನ ಮೇಲೆ. ಹೇಳಬೇಕಾದ್ದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ: ಈ ಕೋರ್ಸ್ ಬೋರು, ನಂಗೇನೂ ಬರಲಿಲ್ಲ. ಅಷ್ಟು ಸಾಕಿತ್ತು. ಮೈಕ್ ಆನ್ ಮಾಡಿದೆ.

ರೂಬಿನಾ ಕೋರ್ಸ್ ಬಗ್ಗೆ ಕೇಳಲೇ ಇಲ್ಲ. ಪರದೆಯ ಹತ್ತಿರ ಬಂದು, ಎಲ್ಲರನ್ನೂ ಮರೆತವಳಂತೆ ಮೆಲ್ಲಗೆ ಕೇಳಿದಳು. "ಅಚ್ಚು, ಅಕಿಗೆ ಹೇಳಿದ್ಯೇನು?"

ಅಭ್ಯಾಸ ಮಾಡಿದ್ದು ಹಾರಿಹೋಯಿತು. ಮೂಗು ಒತ್ತಿ ಹಿಡಿದೆ. "ಇಲ್ಲ. ಹೇಳೋಕೆ ಹೋದ್ರೆ..."

ಬಾಗಿಲು ಧಡಾರನೆ ತೆರೆಯಿತು.

"ಪ್ರಣತೀ! ಮಳೆ ಬಂದು ಬಾಲ್ಕನೀಲಿ ಬಟ್ಟೆಯೆಲ್ಲಾ ತೊಪ್ಪೆಯಾಗಿದೆ, ನಾನು ಕೂಗ್ತಾನೇ ಇದೀನಿ, ಕಿವಿ ಕೇಳಿಸಲ್ವೇನೇ? ಮೂಗು ಯಾಕೆ ಹಿಡ್ಕೊಂಡಿದೀಯ? ಅದು ನನ್ ಹಳೇ ಫೋನಲ್ವಾ?"

ಲ್ಯಾಪ್‌ಟಾಪಿನ ಪರದೆಯಲ್ಲಿ, 'ಅಚ್ಚು, ವಿಳಿಂಜಂ' ಎಂಬ ಚೌಕದ ಸುತ್ತ ಹಸಿರು ಗೆರೆ ಉರಿಯುತ್ತಿತ್ತು. ಅಮ್ಮನ ಒಂದೊಂದು ಮಾತೂ ಅದರಿಂದಲೇ ಹೊರಟು ಕೊಚ್ಚಿಯವರೆಗೂ ಹೋಗಿತ್ತು.

"ಅಚ್ಚುವಿನ ಅಮ್ಮ ಅಲ್ವಾ? ನಮಸ್ಕಾರ ಅಮ್ಮಾ" ಎಂದರು ಸದಾನಂದ ಮಾಮ.

"ಇದು ನಮ್ಮನೆಯವಳ ದನಿ ಇದ್ದಂಗಿದೆಯಲ್ಲ" ಎಂದರು ಅಪ್ಪ, ಹಾಲ್‌ನಿಂದಲೂ, ಲ್ಯಾಪ್‌ಟಾಪಿನಿಂದಲೂ.

"ನಾನ್ಯಾವಾಗ ಅಚ್ಚು ಅಮ್ಮ ಆದೆ?" ಎಂದಳು ಅಮ್ಮ.

ಚೌಕಗಳಲ್ಲಿ ಎಲ್ಲರ ಬಾಯಿಯೂ ತೆರೆದೇ ಇತ್ತು. ರೂಬಿನಾಳದ್ದು ಮಾತ್ರ ಮುಚ್ಚಿತ್ತು. ಅವಳು ನನ್ನ ಕಪ್ಪು ಚೌಕದತ್ತ ಬಾಗಿದಳು.

"ಪ್ರಣತಿ ಅಕ್ಕಾ," ಎಂದಳು, "ಹಂಗಾದ್ರ ಆ ಅಕಿ ನಾನೇನು?"

ಆಮೇಲೆ ಸುಮ್ಮನಾಗಿ ಕಾಯತೊಡಗಿದಳು. ಎರಡೂ ಊರಿನ ಕನ್ನಡದವರು ಕಾಯುತ್ತಿದ್ದರು. ನಾನು ಮೂಗಿನಿಂದ ಬೆರಳು ತೆಗೆದೆ. ಉತ್ತರ ಗೊತ್ತಿತ್ತು, ಕನ್ನಡದಲ್ಲೇ ಗೊತ್ತಿತ್ತು, ಒಂದೇ ಒಂದು ಪದ: ಹೌದು. ಬಾಯಿ ತೆರೆದೆ.

ಆ ಪದ ಹೊರಬರುವ ಮೊದಲೇ ಅಮ್ಮ ಫೋನ್ ಕಿತ್ತುಕೊಂಡು ಅಚ್ಚುವನ್ನು ಆರಿಸಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನು.